ನಿಂತ ಗಾಡಿ, ಇಳಿದ ಬ್ಯಾಟರಿ (ಭಾಗ 3)

2020ರ ಮಾರ್ಚ್ 25ರ ಲಾಕ್‌ಡೌನ್ ನೆನಪೈತಿ? ತಾರಿಹಾಳದಾಗೂ ಗಾಡಿ ನಿಂತಲ್ಲೇ ನಿಂತು ಎಷ್ಟೋ ಬ್ಯಾಟರಿ ಇಳಿದವು. ಓಡದಿದ್ರೂ ಸವಕಳಿ, ನಮ್ಮ ಬಿ.ಕಾಂ. ಲೆಕ್ಕದಂಗ!

ಈ ಬ್ಯಾಟರಿ ಹುಟ್ಟಿದ್ದು 1859ರಾಗ. ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಎರಡು ಸೀಸದ ಹಾಳೆ ಸುರುಳಿ ಸುತ್ತಿ ಆಸಿಡ್ ನೀರಿನಾಗ ಇಟ್ರು. ಮತ್ತ ಮತ್ತ ಚಾರ್ಜ್ ಮಾಡಿ, ಖಾಲಿ ಮಾಡಿ, ತಿಂಗಳುಗಟ್ಟಲೆ ಪಳಗಿಸಿದ ಮೇಲೆ ಅದಕ್ಕ ತಾಕತ್ತು ಬಂತು. 1881ರಾಗ ಕಾಮಿಲ್ ಫೋರ್ ಸೀಸದ ಆಕ್ಸೈಡ್ ಪೇಸ್ಟ್ ಬಳಿದು ಆ ಕಾಯೋದನ್ನ ತಪ್ಪಿಸಿದ್ರು.

ಒಂದು ಗುಣ ಮಾತ್ರ ಇವತ್ತಿಗೂ ಹಂಗೇ ಐತಿ. ಖಾಲಿ ಇಟ್ಟುಬಿಟ್ರ ಪ್ಲೇಟಿನ ಮ್ಯಾಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರ್ತದ, ಚಾರ್ಜ್ ಹಿಡಿಯಂಗಿಲ್ಲ. ಅಂಥದಕ್ಕ ನಿಧಾನ ಚಾರ್ಜೇ ಮದ್ದು: 35 ಆಂಪಿಯರ್-ಅವರ್ ಬ್ಯಾಟರಿಗೆ ಸುಮಾರು 3 ಆಂಪಿಯರ್ ಸಾಕು. ಹರಳು ಹಳೇದಾಗಿದ್ರ ಅದೂ ನಡಿಯಂಗಿಲ್ಲ, ಹೊಸದಕ್ಕ ರೊಕ್ಕ ಎಣಿಸೋದೇ.