ನಿಹ್ನವ ಮತ್ತು ಔಷಧದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಆಚಾರ್ಯರು ಶ್ರಾವಕನಿಗೆ ವಿಧಿಸಿದ್ದಾರೆ. ಇವುಗಳಲ್ಲಿ ಔಷಧದಾನವೆಂದರೆ ರೋಗಿಯ ಕೈಗೆ ಮದ್ದು ಕೊಡುವುದು ಎಂದೇ ಸಾಮಾನ್ಯ ತಿಳಿವಳಿಕೆ. ಆದರೆ ಮದ್ದಿನ ಅರಿವನ್ನೇ ಬರೆದು ಹಂಚಿದರೆ ಅದು ಔಷಧದಾನವೂ ಹೌದು, ಶಾಸ್ತ್ರದಾನವೂ ಹೌದು. ಕರ್ನಾಟಕದ ಜೈನ ವೈದ್ಯಗ್ರಂಥಕಾರರು ಮಾಡಿದ್ದು ಈ ಎರಡನ್ನೂ ಕೂಡಿಸಿದ ದಾನವನ್ನು.

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿಗೆ ಸಮೀಪದ ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ಶಂಖಬಸದಿಯಿಂದ ಪ್ರಸಿದ್ಧವಾದ ಈ ಸೀಮೆಯ ತಿರುಳುಗನ್ನಡವನ್ನು 10ನೆಯ ಶತಮಾನದಲ್ಲಿ ಪಂಪನು ತನ್ನ ಕಾವ್ಯಭಾಷೆಯಾಗಿ ಆರಿಸಿಕೊಂಡನು. ಕಾವ್ಯಕ್ಕೆ ಒದಗಿದ ಕನ್ನಡವು ಮುಂದೆ ವೈದ್ಯಕ್ಕೂ ಒದಗಿತು. ಸುಮಾರು 1125ರಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಆರನೆಯ ವಿಕ್ರಮಾದಿತ್ಯನ ಸಹೋದರನಾದ ಅವನು ಲೇಖನಿ ಹಿಡಿದದ್ದು ದನಕರುಗಳ ವ್ಯಾಧಿಗಾಗಿ. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸೆ ಅವನದು. 14ನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನೇ ವಿಷಯವಾಗಿಟ್ಟುಕೊಂಡು ‘ಖಗೇಂದ್ರಮಣಿದರ್ಪಣ’ವನ್ನು ಬರೆದನು.

ಇವರಿಗೂ ಹಿಂದೆ, 9ನೆಯ ಶತಮಾನದಲ್ಲಿ, ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ಔಷಧದಲ್ಲಿ ಮಾಂಸ ಅನಾವಶ್ಯಕವೆಂಬ ವಾದವನ್ನು ನೃಪತುಂಗನ ಸಭೆಯಲ್ಲಿ ವಿದ್ವಾಂಸರ ಮುಂದೆ ಮಂಡಿಸಿದರು. ಹೊಸ ವಿಚಾರವನ್ನು ಶಿಷ್ಯರ ಕಿವಿಯಲ್ಲಿ ಮಾತ್ರ ಹೇಳದೆ, ಒಪ್ಪದವರೂ ಕುಳಿತ ಸಭೆಯಲ್ಲಿ ಕಾರಣಸಹಿತ ಇಟ್ಟದ್ದು ಇಲ್ಲಿ ಗಮನಿಸತಕ್ಕ ಸಂಗತಿ.

ಹೀಗೆ ಬರೆದು ಹಂಚುವುದು ಸುಲಭದ ಮಾತಾಗಿರಲಿಲ್ಲ. ಮದ್ದು ಹೇಳಿಬಿಟ್ಟರೆ ಅದರ ಗುಣ ಹೋಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಹುಕಾಲ ಇತ್ತು. ಅರೆಬರೆ ಬಲ್ಲವನ ಕೈಗೆ ಮದ್ದು ಸಿಕ್ಕರೆ ಅನಾಹುತವಾದೀತೆಂಬ ಭಯದಲ್ಲಿ ಸತ್ಯಾಂಶವೂ ಉಂಟು. ಆದರೆ ಆ ಭಯಕ್ಕೆ ಪರಿಹಾರ ಮುಚ್ಚಿಡುವುದಲ್ಲ. ಪ್ರಮಾಣ, ಪಥ್ಯ, ನಿಷೇಧಗಳೊಡನೆ ಸರಿಯಾಗಿ ತಿಳಿಸುವುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ನಿಹ್ನವ, ಮಾತ್ಸರ್ಯ ಎಂಬೆರಡನ್ನು ಹೇಳುತ್ತಾರೆ. ತಿಳಿದದ್ದನ್ನು ಮರೆಮಾಚುವುದು ನಿಹ್ನವ. ಇನ್ನೊಬ್ಬನು ತನಗೆ ಸಮನಾದಾನೆಂದು ಕಲಿಸದಿರುವುದು ಮಾತ್ಸರ್ಯ. ಮುಚ್ಚಿಟ್ಟವನ ಅರಿವಿಗೇ ಮುಸುಕು ಕವಿಯುತ್ತದೆ ಎಂಬುದು ಇದರ ಅಭಿಪ್ರಾಯ.

ನಿಹ್ನವದ ಫಲಕ್ಕೆ ಪಶ್ಚಿಮದ ಚರಿತ್ರೆಯಲ್ಲಿ ಒಂದು ದಾರುಣ ನಿದರ್ಶನವಿದೆ. ಇಂಗ್ಲೆಂಡಿನಲ್ಲಿ ಚೇಂಬರ್ಲೆನ್ ಎಂಬ ವೈದ್ಯ ಮನೆತನವು ಕಷ್ಟದ ಹೆರಿಗೆಯಲ್ಲಿ ಮಗುವನ್ನು ಜೀವಂತವಾಗಿ ಹೊರತೆಗೆಯುವ ಇಕ್ಕಳವನ್ನು ಕಂಡುಹಿಡಿದು, ನೂರು ವರ್ಷಗಳಿಗೂ ಮಿಕ್ಕಿ ತಮ್ಮ ಮನೆಯ ಗುಟ್ಟಾಗಿಯೇ ಇರಿಸಿಕೊಂಡಿತು. ಎಸೆಕ್ಸ್ ಪ್ರಾಂತದ ಒಂದು ಮನೆಯ ನೆಲಹಲಗೆಯ ಕೆಳಗೆ ಅಡಗಿಸಿಟ್ಟಿದ್ದ ಅವರ ಸಲಕರಣೆಗಳು ದೊರೆತದ್ದು 1813ರಲ್ಲಿ. ಆ ಮನೆತನಕ್ಕೆ ಸಂಪತ್ತು ಬಂದಿತು, ನಿಜ. ಆದರೆ ಅಷ್ಟು ಕಾಲ ಬೇರೆ ಮನೆಗಳಲ್ಲಿ ಅಳಿದ ತಾಯಿಮಕ್ಕಳ ಲೆಕ್ಕವನ್ನು ಯಾವ ಖಾತೆಯಲ್ಲಿ ಬರೆಯಬೇಕು?

ಅದೇ ಹೆರಿಗೆಯ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕವು ಇದಕ್ಕೆ ತದ್ವಿರುದ್ಧವಾದ ಮಾದರಿಯನ್ನು ತೋರಿದೆ. ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವವು ಬಾಣಂತಿಯರ ಮರಣಕ್ಕೆ ಬಹುಮುಖ್ಯ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಕಾಪಾಡಬೇಕು, ಚುಚ್ಚಲು ಬಲ್ಲವರೂ ಬೇಕು. ಮಿಸೊಪ್ರೊಸ್ಟಾಲ್ ಗುಳಿಗೆಗೆ ಈ ತೊಡಕುಗಳಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಅಮೆರಿಕದ ವೈದ್ಯರೊಡನೆ ಸೇರಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1620 ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿದರು. ಗುಳಿಗೆ ಕೊಟ್ಟವರು ಗ್ರಾಮದ ಸಹಾಯಕ ದಾದಿಯರು. ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ನೂರಕ್ಕೆ 12ರಷ್ಟಿದ್ದ ಅತಿಸ್ರಾವವು ಮಿಸೊಪ್ರೊಸ್ಟಾಲ್ ಪಡೆದವರಲ್ಲಿ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಫಲಿತಾಂಶವು ಪ್ರಕಟವಾಯಿತು. ಗುಳಿಗೆಯಿಂದ ಬರುವ ನಡುಕ ಮತ್ತು ಜ್ವರವನ್ನೂ ಅದರಲ್ಲಿ ಮರೆಮಾಚದೆ ಬರೆಯಲಾಗಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉದ್ದೇಶಕ್ಕಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ರಕ್ತವನ್ನು ಕಣ್ಣಂದಾಜಿನಿಂದ ಅಳೆದರೆ ಇದ್ದುದಕ್ಕಿಂತ ಕಡಿಮೆಯೆಂದು ತೋರುತ್ತದೆ. ಆದ್ದರಿಂದ ಈ ತಂಡವು ಅಳತೆಯ ಗೆರೆಗಳುಳ್ಳ ಚೀಲವಿರುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿ ಬಳಸಿತು. ಅಂಥದೇ ಅಳತೆಯ ಹಾಳೆ ಮುಂದೆ ಆಫ್ರಿಕವನ್ನು ಮುಟ್ಟಿತು. ಕೀನ್ಯಾ, ನೈಜೀರಿಯ, ತಾಂಜಾನಿಯ, ದಕ್ಷಿಣ ಆಫ್ರಿಕಗಳ 80 ಆಸ್ಪತ್ರೆಗಳಲ್ಲಿ ಅದರಿಂದ ಅತಿಸ್ರಾವವನ್ನು ಬೇಗನೆ ಗುರುತಿಸಿ, ಹಲವು ಚಿಕಿತ್ಸೆಗಳನ್ನು ಕೂಡಲೇ ಒಟ್ಟಿಗೆ ಕೊಟ್ಟಾಗ, ತೀವ್ರ ರಕ್ತಸ್ರಾವ, ಅದಕ್ಕಾಗಿ ಮಾಡುವ ಉದರದ ಶಸ್ತ್ರಕ್ರಿಯೆ ಮತ್ತು ಅದರಿಂದಾಗುವ ಮರಣಗಳು ಒಟ್ಟಾರೆ ನೂರಕ್ಕೆ 60ರಷ್ಟು ಕಡಿಮೆಯಾದುವೆಂದು 2023ರಲ್ಲಿ ಪ್ರಕಟವಾಯಿತು. ಬೆಳಗಾವಿಯ ಹಳ್ಳಿಯಲ್ಲಿ ಪಡೆದ ಅರಿವು ಬೆಳಗಾವಿಯಲ್ಲೇ ಉಳಿದಿದ್ದರೆ ಅದರ ಪ್ರಯೋಜನ ಒಂದು ಜಿಲ್ಲೆಗೆ ಮುಗಿಯುತ್ತಿತ್ತು.

ವ್ಯಾಪಾರಿಯು ತನ್ನ ಸರಕಿನ ಮರ್ಮವನ್ನು ಕಾಯ್ದುಕೊಳ್ಳುವುದು ದೋಷವಲ್ಲವೆಂದು ವಾದಿಸಬಹುದು. ಶೋಧಕನ ಶ್ರಮಕ್ಕೆ ಪ್ರತಿಫಲ ಸಲ್ಲಬೇಕಾದುದೂ ನ್ಯಾಯವೇ. ಪೇಟೆಂಟ್ ಕಾನೂನು ಕೂಡ ಶೋಧವನ್ನು ಬಹಿರಂಗಪಡಿಸಬೇಕೆಂಬ ಕರಾರಿನ ಮೇಲೆಯೇ ನಿಯತಕಾಲದ ಹಕ್ಕನ್ನು ಕೊಡುತ್ತದೆ. ಆದರೆ ಸರಕು ಕೊಳ್ಳದವನು ಬೇರೆ ಅಂಗಡಿಗೆ ಹೋದಾನು. ಪ್ರಾಣಸಂಕಟದಲ್ಲಿರುವ ರೋಗಿಗೆ ಬೇರೆ ಅಂಗಡಿ ಇರುವುದಿಲ್ಲ. ಹಣ ಹಂಚಿದರೆ ಕಡಿಮೆಯಾಗುತ್ತದೆ. ಅರಿವು ಹಂಚಿದರೆ ತಿದ್ದುವ ಕೈಗಳು ಹೆಚ್ಚುತ್ತವೆ.

ಬಸದಿಗಳ ಟ್ರಸ್ಟುಗಳು ಔಷಧಾಲಯಗಳಿಗೆ, ಆಸ್ಪತ್ರೆಗಳಿಗೆ ಉದಾರವಾಗಿ ಧನಸಹಾಯ ಮಾಡುತ್ತವೆ. ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದೂ ಉಂಟು. ಅದರೊಂದಿಗೆ ಇನ್ನೊಂದು ಕರಾರು ಸೇರಲಿ: ರೋಗಿಯ ಶುಶ್ರೂಷೆಯಲ್ಲಿ ಅಲ್ಲಿ ಕಂಡುಕೊಂಡ ಹೊಸ ಕ್ರಮವನ್ನೂ, ಪ್ರಯತ್ನಿಸಿ ವಿಫಲವಾದುದನ್ನೂ ವರ್ಷಕ್ಕೊಮ್ಮೆ ಸರಳ ಕನ್ನಡದಲ್ಲಿ ಬರೆದು ನೆರೆಯ ಆಸ್ಪತ್ರೆಗಳಿಗೆ ಕಳುಹಿಸಬೇಕು. ರೋಗಿಯ ಹೆಸರು ಗುಪ್ತವಾಗಿರಲಿ, ಚಿಕಿತ್ಸೆಯ ಪಾಠ ಗುಪ್ತವಾಗದಿರಲಿ. ಮನೆಗಳಲ್ಲಿ, ಭಂಡಾರಗಳಲ್ಲಿ ವೈದ್ಯದ ಓಲೆಗರಿಗಳಿದ್ದರೆ ಅವೂ ಪೂಜೆಗೆ ಮಾತ್ರ ಮೀಸಲಾಗದೆ ತಜ್ಞರ ಪರೀಕ್ಷೆಗೆ ದೊರೆಯಲಿ. ಸೋಮನಾಥ, ಮಂಗರಾಜರು ಬರೆದದ್ದು ಗಂಟುಕಟ್ಟಿ ಇಡುವುದಕ್ಕಾಗಿ ಅಲ್ಲ.