ಸರ್ವರಿಗೂ ಸಲ್ಲುವ ರಕ್ತದ ಅನ್ವೇಷಣೆ

ದಾನವೆಂದೊಡನೆ ದಾತೃವಿನ ಭಾವವನ್ನು ವಿಚಾರಿಸುವುದು ಲೋಕರೂಢಿ. ಪಡೆಯುವವನ ದೇಹವೇ ದಾನವನ್ನು ತಿರಸ್ಕರಿಸಬಹುದೆಂಬ ಸಂಗತಿಯನ್ನು ಮುಂದಿಟ್ಟುದು ರಕ್ತದಾನ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು ತಮ್ಮ ಮತ್ತು ಸಹೋದ್ಯೋಗಿಗಳ ರಕ್ತವನ್ನು ಪರಸ್ಪರ ಬೆರೆಸಿ ನೋಡಿ, ಮನುಷ್ಯರ ರಕ್ತವೆಲ್ಲವೂ ಒಂದೇ ಬಗೆಯದಲ್ಲವೆಂದು ಸಿದ್ಧಪಡಿಸಿದರು. ಅವರು ಗುರುತಿಸಿದ ಮೂರು ಗುಂಪುಗಳಿಗೆ ಮರುವರ್ಷ ನಾಲ್ಕನೆಯದೂ ಸೇರಿತು.

ಈ ಭೇದವಾದರೂ ಎಷ್ಟರದು? ಕೆಂಪು ರಕ್ತಕಣದ ಮೇಲಿನ ಸಕ್ಕರೆಯ ಸರಪಣಿಯ ತುದಿಯಲ್ಲಿ ‘ಎ’ ಗುಂಪಿಗೆ ಒಂದು ಬಗೆಯ ಸಕ್ಕರೆ, ‘ಬಿ’ ಗುಂಪಿಗೆ ಇನ್ನೊಂದು ಬಗೆಯದು. ‘ಓ’ ಗುಂಪಿಗೆ ಎರಡೂ ಇಲ್ಲ. ಇಷ್ಟು ಅಲ್ಪವಾದ ವ್ಯತ್ಯಾಸಕ್ಕೆ ರೋಗಿಯು ಪ್ರಾಣವನ್ನೇ ತೆರಬೇಕಾದೀತು. ಗುಂಪನ್ನು ಪರೀಕ್ಷಿಸಲು ವೇಳೆಯಿಲ್ಲದ ಅಪಘಾತಗಳಲ್ಲಿ ವೈದ್ಯರು ‘ಓ’ ರಕ್ತಕಣಗಳನ್ನೇ ಅರಸುವುದರಿಂದ ಅದರ ದಾಸ್ತಾನು ಬೇಗನೆ ಬರಿದಾಗುತ್ತದೆ.

ತುದಿಯ ಆ ಸಕ್ಕರೆಯನ್ನೇ ಕತ್ತರಿಸಿ ತೆಗೆದರೆ? ನ್ಯೂಯಾರ್ಕಿನ ರಕ್ತಕೇಂದ್ರದಲ್ಲಿ ಜಾಕ್ ಗೋಲ್ಡ್‌ಸ್ಟೈನ್ ಅವರು ಹಿಡಿದ ದಾರಿ ಇದು. ಅದಕ್ಕೆ ಬೇಕಾದ ಎಂಜೈಮು ದೊರೆತದ್ದು ಹುರಿಯದ ಹಸಿರು ಕಾಫಿಬೀಜದಲ್ಲಿ! ಹೀಗೆ ಮಾರ್ಪಡಿಸಿದ ‘ಬಿ’ ಕಣಗಳು ಬೇರೆ ಗುಂಪಿನವರ ದೇಹದಲ್ಲಿಯೂ ಸಹಜವಾಗಿ ಬಾಳಿದುವೆಂದು 1982ರಲ್ಲಿ ಪ್ರಕಟವಾಯಿತು. ಮುಂದೆ ರೋಗಿಗಳಿಗೂ ಅಂಥ ರಕ್ತವನ್ನು ನೀಡಿ ಪರೀಕ್ಷಿಸಿದರು. ಆದರೆ ಎಂಜೈಮು ಅಪಾರ ಪ್ರಮಾಣದಲ್ಲಿ ಬೇಕು, ಆಮ್ಲೀಯ ದ್ರಾವಣದಲ್ಲಿ ಕಣಗಳನ್ನು ತೊಳೆಯಬೇಕು; ಲೆಕ್ಕಾಚಾರ ಬಲ್ಲ ಯಾರಿಗೂ ಇದು ಗಿಟ್ಟದ ವ್ಯವಹಾರ. ‘ಎ’ ಗುಂಪಂತೂ ಕಾಫಿಬೀಜದ ಎಂಜೈಮಿಗೆ ಜಗ್ಗಲೇ ಇಲ್ಲ.

2007ರಲ್ಲಿ ಕೋಪನ್‌ಹೇಗನ್ನಿನ ಹೆನ್ರಿಕ್ ಕ್ಲೌಸೆನ್ ಮತ್ತು ಸಂಗಡಿಗರು 2,500 ಬಗೆಯ ಬ್ಯಾಕ್ಟೀರಿಯ ಹಾಗೂ ಶಿಲೀಂಧ್ರಗಳನ್ನು ಶೋಧಿಸಿ ಎರಡೂ ಗುಂಪುಗಳಿಗೆ ಒದಗುವ ಎಂಜೈಮುಗಳನ್ನು ಕಂಡರು. 2019ರಲ್ಲಿ ಕೆನಡಾದ ಸ್ಟೀಫನ್ ವಿದರ್ಸ್ ತಂಡ ಮನುಷ್ಯನ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯದಲ್ಲಿಯೇ ‘ಎ’ಯನ್ನು ಬಹು ದಕ್ಷವಾಗಿ ಕತ್ತರಿಸುವ ಎಂಜೈಮು ಜೋಡಿಯನ್ನು ಪಡೆಯಿತು. 2024ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ಇನ್ನೊಂದು ಕರುಳಿನ ಬ್ಯಾಕ್ಟೀರಿಯದ ನೆರವಿನಿಂದ, ಹಿಂದಿನವರು ಗಮನಿಸದೆ ಬಿಟ್ಟ ಉದ್ದನೆಯ ಸಕ್ಕರೆ ಸರಪಣಿಗಳನ್ನೂ ತೆಗೆದು ಫಲವನ್ನು ಉತ್ತಮಪಡಿಸಿದರು. ‘ಬಿ’ಯ ಮಟ್ಟಿಗೆ ಯಶಸ್ಸು ಸಮೀಪಿಸಿದೆ, ‘ಎ’ಯಲ್ಲಿ ಇನ್ನೂ ಕೆಲಸವುಳಿದಿದೆ. ಆರ್‌ಎಚ್ ಭೇದವನ್ನು ಈ ಎಂಜೈಮುಗಳು ಮುಟ್ಟುವುದೇ ಇಲ್ಲ.

ಇಷ್ಟಾದರೂ ‘ಸರ್ವರಿಗೂ’ ಎಂಬ ಮಾತು ಪೂರ್ಣ ಸತ್ಯವಲ್ಲ. 1952ರಲ್ಲಿ ಮುಂಬಯಿಯ ವೈ. ಎಂ. ಭೆಂಡೆ ಮತ್ತು ಸಂಗಡಿಗರು ವರ್ಣಿಸಿದ ‘ಬಾಂಬೆ’ ಗುಂಪಿನವರಿಗೆ ‘ಓ’ ರಕ್ತವೂ ಅಪಾಯಕಾರಿ. ಎ, ಬಿ ಸಕ್ಕರೆಗಳನ್ನು ಹೊರುವ ‘ಎಚ್’ ಎಂಬ ಮೂಲರಚನೆಯೇ ಅವರ ಕಣಗಳಲ್ಲಿಲ್ಲ. ಎಂಜೈಮು ತನ್ನ ಕೆಲಸ ಮುಗಿಸಿದ ಮೇಲೆ ಕಣದ ಮೇಲೆ ಉಳಿಯುವುದು ಆ ‘ಎಚ್’. ಆದಕಾರಣ ಅವರಿಗೆ ಇಂದಿಗೂ ತಮ್ಮಂಥವರದೇ ರಕ್ತ ಬೇಕು.