‘ಇಂಡಿಯನ್ ಆಂಟಿಕ್ವರಿ’: ಒಂದು ವಿದ್ವತ್ಪತ್ರಿಕೆಯ ನಿರ್ವಹಣೆ ಮತ್ತು ಬೆಳವಣಿಗೆ

ಕರ್ನಾಟಕದ ಪ್ರಾಚೀನ ಚರಿತ್ರೆಯನ್ನು ಅಭ್ಯಸಿಸುವ ಯಾವ ವಿದ್ಯಾರ್ಥಿಗೂ ‘ಇಂ. ಆಂ.’ ಎಂಬ ಸಂಕ್ಷೇಪಾಕ್ಷರಗಳು ಅಪರಿಚಿತವಲ್ಲ. ಚಾಳುಕ್ಯರನ್ನು ಕುರಿತಾಗಲಿ ಕದಂಬರನ್ನು ಕುರಿತಾಗಲಿ ಬರೆದ ಗ್ರಂಥದ ಅಡಿಟಿಪ್ಪಣಿಗಳಲ್ಲಿ ಅವು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಆದರೆ ಆ ಅಕ್ಷರಗಳ ಹಿಂದಿರುವ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಪುಟ ತಿರುವಿದವರು ವಿರಳರೆಂದು ನಮ್ಮ ಅಧ್ಯಾಪನದ ಅನುಭವದಿಂದ ಹೇಳಬಲ್ಲೆವು. ಒಬ್ಬರ ಅಡಿಟಿಪ್ಪಣಿಯನ್ನು ಇನ್ನೊಬ್ಬರು ನಕಲು ಮಾಡುವುದರಲ್ಲಿಯೇ ನಮ್ಮ ಪರಿಚಯವು ಮುಗಿಯುತ್ತದೆ. ಪ್ರಕೃತ ಲೇಖನದಲ್ಲಿ ನಾವು ಆ ಪತ್ರಿಕೆಯಲ್ಲಿ ಬಂದ ಶಾಸನಗಳ ವಿಚಾರವನ್ನು ಮುಖ್ಯವಾಗಿ ಎತ್ತಿಕೊಂಡಿಲ್ಲ. ಅಷ್ಟು ಕಿರಿದಾದ ಒಂದು ವಿಷಯವನ್ನು ಹಿಡಿದುಕೊಂಡು, ಯಾವ ಸಂಸ್ಥೆಯ ಆಸರೆಯೂ ಇಲ್ಲದೆ ಹೊರಟ ಒಂದು ಮಾಸಪತ್ರಿಕೆಯು ೧೮೭೨ರಿಂದ ೧೯೩೩ರವರೆಗೆ ೬೨ ಸಂಪುಟಗಳಾಗಿ ಬೆಳೆದುದು ಹೇಗೆ ಎಂಬುದನ್ನು ಮಾತ್ರ ವಿಚಾರಿಸಲು ಯತ್ನಿಸಿದ್ದೇವೆ.

ಪತ್ರಿಕೆಯ ಸ್ಥಾಪಕರಾದ ಜೇಮ್ಸ್ ಬರ್ಜೆಸ್ಸರು ಸ್ಕಾಟ್ಲೆಂಡಿನವರು, ೧೮೩೨ರಲ್ಲಿ ಹುಟ್ಟಿದವರು. ೧೮೫೫ರಲ್ಲಿ ಅವರು ಕಲ್ಕತ್ತೆಗೆ ಬಂದುದು ಗಣಿತದ ಅಧ್ಯಾಪಕರಾಗಿ. ೧೮೬೧ರಲ್ಲಿ ಮುಂಬಯಿಯಲ್ಲಿ ಪಾರಸಿಗಳ ವಿದ್ಯಾಶಾಲೆಯೊಂದರ ಮುಖ್ಯಸ್ಥರಾದರು. ಆಂಟಿಕ್ವರಿಯ ಮೊದಲ ಸಂಚಿಕೆ ಹೊರಬಿದ್ದಾಗ ಅವರು ಪುರಾತತ್ತ್ವ ಇಲಾಖೆಯ ಅಧಿಕಾರಿಯಾಗಿರಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಪಶ್ಚಿಮ ಭಾರತದ ಸರ್ವೇಕ್ಷಣವು ಅವರ ಕೈಗೆ ಬಂದುದು ಅನಂತರ. ೧೮೭೪ರ ಜನವರಿಯಿಂದ ಮೇ ತಿಂಗಳವರೆಗೆ ಅವರು ಕೈಕೊಂಡ ಮೊದಲ ಋತುವಿನ ಕೆಲಸವು ನಮ್ಮ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿಯೇ ನಡೆಯಿತು. ಪತ್ರಿಕೆಯು ಪದವಿಯ ಫಲವಲ್ಲ, ಪದವಿಗಿಂತ ಮುಂಚಿನದು.

ಆ ಕಾಲದಲ್ಲಿ ಪ್ರಾಚ್ಯವಿದ್ಯೆಯ ಪತ್ರಿಕೆಗಳಿರಲಿಲ್ಲವೆಂದಲ್ಲ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಗೂ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೂ ಅದರ ಮುಂಬಯಿ ಶಾಖೆಗೂ ತಮ್ಮತಮ್ಮ ಪತ್ರಿಕೆಗಳಿದ್ದುವು. ಆದರೆ ಅವು ಸದಸ್ಯರ ಪತ್ರಿಕೆಗಳು. ಪ್ರಬಂಧವನ್ನು ಸಭೆಯಲ್ಲಿ ಓದಬೇಕು, ಸಮಿತಿಯು ಒಪ್ಪಬೇಕು, ಆಮೇಲೆ ಅದು ಅಚ್ಚಿಗೆ ಹೋಗಬೇಕು. ಧಾರವಾಡದಲ್ಲಿಯೋ ಮಂಗಳೂರಿನಲ್ಲಿಯೋ ಕುಳಿತ ಒಬ್ಬನು ಒಂದು ತಾಮ್ರಪಟವನ್ನು ಕಂಡು, ‘ಇದೇನು?’ ಎಂದು ಕೇಳಬೇಕಾದರೆ ಅವನಿಗೆ ಅಲ್ಲಿ ಎಡೆಯಿರಲಿಲ್ಲ. ಬರ್ಜೆಸ್ಸರು ಕಲ್ಪಿಸಿದುದು ಆ ಎಡೆಯನ್ನು. ದೀರ್ಘ ಪ್ರಬಂಧದ ಪಕ್ಕದಲ್ಲಿಯೇ ಅರ್ಧ ಪುಟದ ಟಿಪ್ಪಣಿ, ಪ್ರಶ್ನೆ, ಅದಕ್ಕೆ ಮುಂದಿನ ತಿಂಗಳುಗಳಲ್ಲಿ ಉತ್ತರ, ಯುರೋಪಿನಲ್ಲಿ ಪ್ರಕಟವಾದ ಲೇಖನಗಳ ಭಾಷಾಂತರ, ಗ್ರಂಥವಿಮರ್ಶೆ—ಇವೆಲ್ಲಕ್ಕೂ ಅಲ್ಲಿ ಸ್ಥಳವಿತ್ತು. ಮೊದಲನೆಯ ಸಂಪುಟದಲ್ಲಿಯೇ ಸಂಸ್ಕೃತ ನಿಘಂಟುಗಳಲ್ಲಿನ ದ್ರಾವಿಡಾಂಶವನ್ನು ಕುರಿತ ಕಿಟ್ಟೆಲರ ಲೇಖನವೂ, ರೈಸರು ಪ್ರಕಟಿಸಿದ ಮಡಿಕೇರಿಯ ಗಂಗರ ತಾಮ್ರಪಟಗಳೂ ಕಾಣುತ್ತವೆ. ಕನ್ನಡದ ದೃಷ್ಟಿಯಿಂದ ಇದಕ್ಕಿಂತ ಶುಭವಾದ ಆರಂಭ ಬೇರೊಂದಿರಲಾರದು.

ಹಣದ ಮಾತನ್ನು ಸಂಕ್ಷೇಪವಾಗಿ ಮುಗಿಸಬಹುದು. ಏಕೆಂದರೆ ಹಣವೇ ಇರಲಿಲ್ಲ. ಲೇಖಕರಿಗೆ ಸಂಭಾವನೆಯಿಲ್ಲ, ಸಂಪಾದಕರಿಗೆ ವೇತನವಿಲ್ಲ. ಚಂದಾದಿಂದ ಬಂದುದು ಸಾಲದಿದ್ದಾಗ ಸಂಪಾದಕರು ಕೈಯಿಂದ ತೆತ್ತರು. ಇಂಥ ವಿಷಯಕ್ಕೆ ಓದುಗರು ಸಾವಿರಗಟ್ಟಲೆ ದೊರೆಯುವುದು ಅಸಂಭವ. ದೊರೆತವರು ಮಾತ್ರ ಬಹುದೂರದಲ್ಲಿ ಹರಡಿಕೊಂಡಿದ್ದರು. ಮುಂಬಯಿಯ ಎಜುಕೇಶನ್ ಸೊಸೈಟಿಯ ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಲಂಡನ್, ಪ್ಯಾರಿಸ್, ಬರ್ಲಿನ್, ಲೈಪ್ಸಿಗ್, ನ್ಯೂಯಾರ್ಕ್, ಷಿಕಾಗೋ ನಗರಗಳ ಪುಸ್ತಕ ವ್ಯಾಪಾರಿಗಳಲ್ಲಿಯೂ ದೊರೆಯುತ್ತಿತ್ತು.

ಈ ಅಲ್ಪಸಂಖ್ಯೆಯ ಓದುಗರನ್ನು ಪತ್ರಿಕೆಯು ಹಿಡಿದಿಟ್ಟುಕೊಂಡ ಬಗೆ ಯಾವುದು? ಸಂಪಾದಕರ ಪಾಂಡಿತ್ಯವೆಂದು ಸಾಮಾನ್ಯವಾಗಿ ಹೇಳುವುದುಂಟು. ನಮ್ಮ ಅಭಿಪ್ರಾಯದಲ್ಲಿ ಮುಖ್ಯ ಕಾರಣ ಬೇರೆ. ಸಂಪಾದಕನ ಮಾತನ್ನು ಓದುಗನೇ ತಳ್ಳಿಹಾಕಲು ಬೇಕಾದ ಸಾಧನವನ್ನು ಪತ್ರಿಕೆಯು ಓದುಗನ ಕೈಗೆ ಕೊಟ್ಟಿತು. ಇದನ್ನು ಸ್ವಲ್ಪ ವಿವರಿಸಬೇಕು.

ಇದಕ್ಕೆ ಮುಂಚೆ ಕನ್ನಡನಾಡಿನ ಶಾಸನಗಳ ಅತಿ ದೊಡ್ಡ ಸಂಗ್ರಹವೆಂದರೆ ವಾಲ್ಟರ್ ಎಲಿಯಟ್ಟರದು. ಅವರು ೫೯೫ ಶಾಸನಗಳ ನಕಲುಗಳನ್ನು ಮಾಡಿಸಿದ್ದರು. ಆದರೆ ಅವು ಕೈಬರಹದ ನಕಲುಗಳು. ಕಲ್ಲಿನ ಮುಂದೆ ಕುಳಿತ ಲಿಪಿಕಾರನು ಸವೆದ ಅಕ್ಷರವನ್ನು ತನಗೆ ತೋರಿದಂತೆ ಓದಿ ಬರೆದುಕೊಂಡರೆ, ಅಲ್ಲಿಂದ ಮುಂದೆ ಕಲ್ಲು ಮರೆಯಾಗಿ ಅವನ ಓದು ಮಾತ್ರ ಉಳಿಯುತ್ತದೆ. ಲಂಡನ್ನಿನಲ್ಲಿರುವ ವಿದ್ವಾಂಸನು ಅದನ್ನು ನಂಬಬೇಕು, ಇಲ್ಲವೇ ಬಿಡಬೇಕು, ಪರೀಕ್ಷಿಸುವ ದಾರಿಯಿಲ್ಲ. ಆಂಟಿಕ್ವರಿಯು ಕಲ್ಲಿನಿಂದ ಮತ್ತು ತಾಮ್ರಪಟದಿಂದ ನೇರವಾಗಿ ತೆಗೆದ ಅಚ್ಚುಗಳನ್ನು ಛಾಯಾಶಿಲಾಮುದ್ರಣದ ಫಲಕಗಳಾಗಿ ಪಾಠದೊಡನೆಯೇ ಕೊಡತೊಡಗಿತು. ಆ ಫಲಕಗಳನ್ನು ಲಂಡನ್ನಿನಲ್ಲಿ ಸಿದ್ಧಗೊಳಿಸುತ್ತಿದ್ದವರು ಆ ಕಲೆಯಲ್ಲಿ ಹೆಸರಾದ ವಿಲಿಯಂ ಗ್ರಿಗ್ಸ್ ಅವರು. ಎಡಪುಟದಲ್ಲಿ ಸಂಪಾದಕನ ಓದು, ಎದುರಿನಲ್ಲಿ ಶಾಸನದ ಮುಖ. ಜರ್ಮನಿಯಲ್ಲಿ ಕುಳಿತವನು ಸಹ ‘ಇದು ವಕಾರವಲ್ಲ, ಪಕಾರ’ ಎಂದು ಹೇಳಬಹುದಾಯಿತು. ಖರ್ಚಿನ ಬಹುಭಾಗಕ್ಕೆ ಫಲಕಗಳೇ ಕಾರಣವಾಗಿದ್ದಿರಬೇಕೆಂದು ಅವುಗಳ ಅಂದವನ್ನು ನೋಡಿದವರಿಗೆ ತೋರುತ್ತದೆ. ಆದರೂ ಅವನ್ನು ಕೈಬಿಡಲಿಲ್ಲ.

ಐಹೊಳೆಯ ಮೇಗುಟಿ ದೇವಾಲಯದಲ್ಲಿರುವ ರವಿಕೀರ್ತಿಯ ಪ್ರಶಸ್ತಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಶಕ ೫೫೬, ಎಂದರೆ ಕ್ರಿ.ಶ. ೬೩೪–೩೫ರ ಈ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯವೂ ಕಾಳಿದಾಸ ಭಾರವಿಗಳ ಹೆಸರುಗಳೂ ಬಂದಿರುವುದು ಎಲ್ಲರಿಗೂ ವಿದಿತವಾಗಿದೆ. ಜಾನ್ ಫೇತ್‌ಫುಲ್ ಫ್ಲೀಟರು ಇದನ್ನು ೧೮೭೬ರಲ್ಲಿ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಮೂರೇ ವರ್ಷಗಳ ಬಳಿಕ, ೧೮೭೯ರಲ್ಲಿ, ಎಂಟನೆಯ ಸಂಪುಟದಲ್ಲಿ ತಾವೇ ಅದನ್ನು ತಿದ್ದಿ ಮತ್ತೊಮ್ಮೆ ಪ್ರಕಟಿಸಿದರು. ಮುಂದೆ ಕೀಲ್‌ಹಾರ್ನರು ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಮೂರನೆಯ ಸಲ ಸಂಪಾದಿಸಿದರು. ಒಮ್ಮೆ ಅಚ್ಚಾದ ಪಾಠವನ್ನು ಅದೇ ಪತ್ರಿಕೆಯಲ್ಲಿ ಅದೇ ಸಂಪಾದಕನು ಹಿಂತೆಗೆದುಕೊಂಡು ತಿದ್ದುವುದು ಮಾನಹಾನಿಯೆಂದು ಅಂದಿನ ಬಳಗವು ಭಾವಿಸಲಿಲ್ಲ. ಇಂದು ನಮ್ಮಲ್ಲಿ ಎಷ್ಟು ಮಂದಿ ಹೀಗೆ ಮಾಡಿಯಾರು ಎಂಬುದು ಬೇರೆಯ ಮಾತು.

ಫ್ಲೀಟರು ೧೮೬೭ರಲ್ಲಿ ಮುಂಬಯಿ ಸರಕಾರದ ಸೇವೆಗೆ ಬಂದವರು. ೧೮೭೨ರಲ್ಲಿ ದಕ್ಷಿಣ ವಿಭಾಗದ ವಿದ್ಯಾ ಇನ್‌ಸ್ಪೆಕ್ಟರರಾಗಿ ಬೆಳಗಾವಿಯಲ್ಲಿದ್ದರು. ‘ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳು’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಕ್ರಮಸಂಖ್ಯೆ ಕೊಟ್ಟು ಅವರು ಬರೆಯುತ್ತಹೋದ ಮಾಲೆಯು ನೂರನ್ನು ದಾಟಿತು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ—ತ್ರಿಪದಿಯ ಇತಿಹಾಸವನ್ನು ಬರೆಯುವವರೆಲ್ಲರೂ ಮೊದಲು ಹಿಡಿಯುವ ಶಾಸನ—ಈ ಮಾಲೆಯಲ್ಲಿಯೇ ೧೮೮೧ರಲ್ಲಿ ಬೆಳಕಿಗೆ ಬಂದಿತು. ತಿಂಗಳಿಗೊಂದು, ಎರಡು, ಹೀಗೆ ಬಿಡದೆ ಬಂದ ಸಣ್ಣ ಲೇಖನಗಳ ರಾಶಿಯಿಂದ ೧೮೮೨ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವರ ಗ್ರಂಥವು ಮೂಡಿತು. ಗ್ರಂಥವನ್ನು ಮೊದಲು ಯೋಚಿಸಿ ಪತ್ರಿಕೆಗೆ ತುಂಡು ಮಾಡಿ ಕೊಟ್ಟುದಲ್ಲ. ಪತ್ರಿಕೆಯ ನಿಯಮಿತತೆಯೇ ಗ್ರಂಥವನ್ನು ಕಟ್ಟಿತೆಂದು ನಾವು ಭಾವಿಸುತ್ತೇವೆ.

ಇನ್ನು ವಾದವಿವಾದಗಳು. ೧೮೭೨ರಲ್ಲಿ ರಾ. ಗೋ. ಭಾಂಡಾರಕರರು ಮಹಾಭಾಷ್ಯದ ಒಳಗಿನ ಪ್ರಯೋಗಗಳನ್ನೇ ಆಧಾರವಾಗಿಟ್ಟುಕೊಂಡು ಪತಂಜಲಿಯು ಪುಷ್ಯಮಿತ್ರನ ಕಾಲದವನೆಂದು ಈ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಬರ್ಲಿನ್ನಿನ ವೇಬರರು, ಆಗ ಸಂಸ್ಕೃತ ವಿದ್ವತ್ತಿನ ಶಿಖರದಲ್ಲಿದ್ದವರು, ಇದನ್ನು ಒಪ್ಪಲಿಲ್ಲ, ಭಾಂಡಾರಕರರು ಪ್ರತ್ಯುತ್ತರವಿತ್ತರು. ಇಬ್ಬರ ಮಾತೂ ಒಂದೇ ಪತ್ರಿಕೆಯ ಒಂದೇ ಬಗೆಯ ಅಕ್ಷರಗಳಲ್ಲಿ ಅಚ್ಚಾದುವು. ಆಳುವವರ ಖಂಡದ ಪಂಡಿತನೊಬ್ಬನಿಗೆ ಆಳಿಸಿಕೊಳ್ಳುವ ನಾಡಿನ ಅಧ್ಯಾಪಕನೊಬ್ಬನು ಸಮಾನ ಪೀಠದಿಂದ ಉತ್ತರ ಹೇಳಿದುದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ.

ನಮಗೆ ಹೆಚ್ಚು ಸಮೀಪವಾದುದು ರೈಸ್ ಮತ್ತು ಫ್ಲೀಟರ ವಿವಾದ. ರೈಸರು ಮಡಿಕೇರಿಯ ತಾಮ್ರಪಟಗಳ ತರುವಾಯ ೧೮೭೩ರಲ್ಲಿ ನಾಗಮಂಗಲದ ತಾಮ್ರಪಟಗಳನ್ನೂ, ೧೮೭೪ರಲ್ಲಿ ಭದ್ರಬಾಹು ಮತ್ತು ಶ್ರವಣಬೆಳಗೊಳವನ್ನು ಕುರಿತ ಲೇಖನವನ್ನೂ ಇಲ್ಲಿಯೇ ಪ್ರಕಟಿಸಿದ್ದರು. ಗಂಗರ ಈ ಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ಸಾರಿದರು; ೧೮೯೨ರಲ್ಲಿ ಚಂದ್ರಗುಪ್ತ ಭದ್ರಬಾಹುಗಳ ಐತಿಹ್ಯವನ್ನೂ ಪ್ರಶ್ನಿಸಿದರು; ೧೯೦೧ರಲ್ಲಿ ಕೂಟಶಾಸನಗಳ ಒಂದು ಪಟ್ಟಿಯನ್ನೇ ಕೊಟ್ಟರು. ಮಾತು ಕೆಲವೆಡೆ ಕಟುವಾಗಿಯೇ ಇದೆ. ಗಂಗರ ಕಾಲಗಣನೆಯು ಇಂದಿಗೂ ನಿರ್ವಿವಾದವಾಗಿಲ್ಲವೆಂಬುದನ್ನು ನೆನೆದರೆ ಫ್ಲೀಟರ ಸಂಶಯವು ಉಪಕಾರವನ್ನೇ ಮಾಡಿತೆನ್ನಬೇಕು. ಹಾಗೆಂದು ಅವರ ಪ್ರತಿಯೊಂದು ತೀರ್ಪನ್ನೂ ನಾವು ಒಪ್ಪುವವರಲ್ಲ. ಐತಿಹ್ಯವೆಂದೊಡನೆ ಅವರಿಗೆ ಒಂದು ಬಗೆಯ ಅಸಹನೆ ಬರುತ್ತಿತ್ತು.

೧೮೮೪ರ ಕೊನೆಗೆ ಬರ್ಜೆಸ್ಸರು, ಹದಿಮೂರು ಸಂಪುಟಗಳ ಅಚ್ಚಿನ ಕರಡನ್ನು ತಿದ್ದಿದ ಬಳಿಕ, ಕಣ್ಣಿನ ದೃಷ್ಟಿ ಕುಂದಿದುದರಿಂದ ಸಂಪಾದಕತ್ವವನ್ನು ಬಿಟ್ಟುಕೊಟ್ಟರು. ೧೮೮೫ರಿಂದ ಫ್ಲೀಟರೂ ರಿಚರ್ಡ್ ಕಾರ್ನಾಕ್ ಟೆಂಪಲ್ಲರೂ ಜಂಟಿಯಾಗಿ ನಡೆಸಿದರು. ಟೆಂಪಲ್ಲರು ಸೈನ್ಯಾಧಿಕಾರಿ, ಜಾನಪದದ ಆಸಕ್ತಿಯುಳ್ಳವರು, ೧೮೮೩ರಲ್ಲಿ ಪಂಜಾಬಿನಲ್ಲಿ ‘ಪಂಜಾಬ್ ನೋಟ್ಸ್ ಅಂಡ್ ಕ್ವೆರೀಸ್’ ಎಂಬ ಸಣ್ಣ ಪತ್ರಿಕೆಯನ್ನು ಹೂಡಿ ಅನುಭವ ಪಡೆದಿದ್ದರು. ಈ ಕಾಲದಲ್ಲಿ ಪತ್ರಿಕೆಯ ಬಳಗವು ಹಿಗ್ಗಿತು. ತೇರದಾಳದ ಶಾಸನವನ್ನು ಕೆ. ಬಿ. ಪಾಠಕರು ೧೮೮೫ರಲ್ಲಿ ಪ್ರಕಟಿಸಿದರು. ಶಂಕರ ಬಾಳಕೃಷ್ಣ ದೀಕ್ಷಿತರೆಂಬ ಮರಾಠಿ ಶಿಕ್ಷಕರು ತಿಥಿವಾರಗಳನ್ನು ಗಣಿಸುವ ಕ್ರಮವನ್ನು ಇಲ್ಲಿ ಬರೆದು, ಶಾಸನಗಳ ಕಾಲನಿರ್ಣಯಕ್ಕೆ ಗಟ್ಟಿಯಾದ ನೆಲೆ ಹಾಕಿದರು. ದೊಡ್ಡ ಪದವಿಯಿಲ್ಲದವನೂ ಲೆಕ್ಕವು ಸರಿಯಾಗಿದ್ದರೆ ಇಲ್ಲಿ ಮಾನ್ಯನಾಗುತ್ತಿದ್ದನು.

ಇದೇ ಕಾಲದಲ್ಲಿ ಫ್ಲೀಟರು ಕನ್ನಡ ಲಾವಣಿಗಳನ್ನು ಮೂಲ ಮತ್ತು ಇಂಗ್ಲಿಷ್ ಭಾಷಾಂತರ ಸಹಿತ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ದಂಗೆ, ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಹೋರಾಡಿದ ಹಲಗಲಿಯ ಬೇಡರು—ಇವು ಅವುಗಳ ವಸ್ತು. ರಾಯಣ್ಣನನ್ನು ೧೮೩೧ರಲ್ಲಿ ಗಲ್ಲಿಗೇರಿಸಿದ ಆಡಳಿತದ ಅಧಿಕಾರಿಯೇ ಅವನ ಹಾಡನ್ನು ಕಾಪಾಡಿಕೊಟ್ಟುದು ವಿಚಿತ್ರವಾದರೂ ಸತ್ಯ. ಆದರೆ ಒಂದು ಕೊರತೆಯನ್ನು ಹೇಳದೆ ಇರಲಾರೆವು. ಶಾಸನದ ವಿಷಯದಲ್ಲಿ ಕಲ್ಲಿನ ಮುಖವನ್ನೇ ತೋರಿಸಿದ ಪತ್ರಿಕೆಯು ಮನುಷ್ಯರ ವಿಷಯದಲ್ಲಿ ಅಷ್ಟು ನಿಷ್ಠುರವಾಗಿರಲಿಲ್ಲ. ಬಿಸಿಲಿನಲ್ಲಿ ಕಲ್ಲನ್ನು ತೊಳೆದು ಅಚ್ಚು ತೆಗೆದವರು, ಹಳಗನ್ನಡದ ತೊಡಕನ್ನು ಸಾಹೇಬರಿಗೆ ಬಿಡಿಸಿ ಹೇಳಿದ ಪಂಡಿತರು, ಇವರ ಹೆಸರುಗಳನ್ನು ಹುಡುಕಿದರೆ ದೊರೆಯುವುದು ಬಹು ಸ್ವಲ್ಪ. ಪತ್ರಿಕೆಯ ಭಾಷೆ ಇಂಗ್ಲಿಷ್ ಆದುದರಿಂದ, ತಮ್ಮ ಊರಿನ ಕಲ್ಲು ಏನು ಹೇಳುತ್ತದೆಂದು ಬರ್ಲಿನ್ನಿಗೆ ತಿಳಿದಮೇಲೂ ಊರಿನವರಿಗೆ ತಿಳಿಯಲಿಲ್ಲ. ೧೯೧೭ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು ಬರುವವರೆಗೆ ಕನ್ನಡ ಓದುಗನಿಗೆ ಈ ಸಾಮಗ್ರಿಯ ಬಹುಭಾಗವು ಪರದೇಶದ ವಸ್ತುವಿನಂತೆಯೇ ಇತ್ತು.

೧೮೮೮ರಲ್ಲಿ ಬರ್ಜೆಸ್ಸರೇ ಸರಕಾರದ ಪರವಾಗಿ ‘ಎಪಿಗ್ರಾಫಿಯಾ ಇಂಡಿಕಾ’ವನ್ನು ಆರಂಭಿಸಿದರು. ೧೮೯೨ರಿಂದ ಅದು ಆಂಟಿಕ್ವರಿಯ ಅನುಬಂಧವೆಂಬ ಹೆಸರಿನಲ್ಲಿ ಹೊರಟಿತು. ಹೆಸರಿಗೆ ಅನುಬಂಧ; ವಾಸ್ತವವಾಗಿ ಶಾಸನಗಳ ಮುಖ್ಯ ಪ್ರವಾಹವು ಅತ್ತ ತಿರುಗಿತು. ಸರಕಾರದ ವೆಚ್ಚದಲ್ಲಿ ಫಲಕಗಳು ಅಚ್ಚಾಗುವಾಗ ಖಾಸಗಿ ಪತ್ರಿಕೆಯು ಸ್ಪರ್ಧಿಸುವುದೆಂತು? ಅದೇ ೧೮೯೨ರಿಂದ ಟೆಂಪಲ್ಲರು ಒಬ್ಬರೇ ಭಾರ ಹೊತ್ತರು. ಬರ್ಮಾದಿಂದ, ೧೮೯೪ರಿಂದ ೧೯೦೪ರವರೆಗೆ ಅಂಡಮಾನಿನ ಮುಖ್ಯ ಕಮಿಷನರರಾಗಿದ್ದಾಗ ಅಲ್ಲಿಂದ, ಆಮೇಲೆ ಇಂಗ್ಲೆಂಡಿನಿಂದ. ಸಂಪಾದಕನು ಒಂದು ಕಡೆ, ಮುದ್ರಣಾಲಯವು ಸಮುದ್ರದಾಚೆ. ಸಂಪುಟಗಳಲ್ಲಿ ಟೆಂಪಲ್ಲರ ಸ್ವಂತ ಆಸಕ್ತಿಗಳು ಹೆಚ್ಚಾದುವೆಂಬ ಆಕ್ಷೇಪವನ್ನು ಸುಳ್ಳೆನ್ನಲಾಗದು. ಆದರೂ ೧೯೦೫ರಲ್ಲಿ, ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಭಾಗಗಳನ್ನು ಭಾಷಾಂತರಿಸಿ ಮೊದಲು ವಿದ್ವಲ್ಲೋಕದ ಮುಂದಿಟ್ಟುದು ಈ ಪತ್ರಿಕೆಯಲ್ಲಿಯೇ. ಮೂಲವು ಗ್ರಂಥರೂಪವಾಗಿ ಬಂದುದು ೧೯೦೯ರಲ್ಲಿ. ಮೂವತ್ತಮೂರು ವರ್ಷಗಳ ವಿಶ್ವಾಸವು ಅವರನ್ನು ಅಲ್ಲಿಗೆ ಕರೆದೊಯ್ದಿರಬೇಕು.

೧೯೨೨ರಲ್ಲಿ ಟೆಂಪಲ್ಲರು ಪತ್ರಿಕೆಯ ಐವತ್ತು ವರ್ಷಗಳ ವೃತ್ತಾಂತವನ್ನು ಬರೆದರು. ೧೯೨೫ರಲ್ಲಿ ಪ್ರಕಟಣೆಯ ಹೊಣೆಯನ್ನು ಲಂಡನ್ನಿನ ರಾಯಲ್ ಆಂತ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟ್ ವಹಿಸಿಕೊಂಡಿತು. ೧೯೩೧ರಲ್ಲಿ ಟೆಂಪಲ್ಲರು ತೀರಿಕೊಂಡರು. ಎರಡೇ ವರ್ಷಗಳಲ್ಲಿ ಪತ್ರಿಕೆಯೂ ನಿಂತಿತು. ಸಂಸ್ಥೆಯ ಆಸರೆ ದೊರೆತಮೇಲೆ ಅದು ಬಾಳಿದುದು ಎಂಟು ವರ್ಷ. ಆಸರೆಯಿಲ್ಲದೆ ಬಾಳಿದುದು ಐವತ್ತಮೂರು. ೧೯೩೮ರಲ್ಲಿ ‘ನ್ಯೂ ಇಂಡಿಯನ್ ಆಂಟಿಕ್ವರಿ’ ಎಂಬ ಹೆಸರಿನಲ್ಲಿಯೂ, ೧೯೬೪ರಲ್ಲಿ ಹಳೆಯ ಹೆಸರಿನಲ್ಲಿಯೂ ಅದನ್ನು ಮತ್ತೆ ಎಬ್ಬಿಸುವ ಯತ್ನಗಳು ನಡೆದು, ಒಂದೊಂದೂ ಹತ್ತು ವರ್ಷಗಳೊಳಗೆ ಮುಗಿದುವು.

ಈ ಲೇಖನಕ್ಕಾಗಿ ನಾವು ಒಂದು ಗ್ರಂಥಾಲಯದಲ್ಲಿ ಹಳೆಯ ಸಂಪುಟಗಳನ್ನು ತರಿಸಿಕೊಂಡು ನೋಡಿದೆವು. ಕಾಗದವು ಮುಟ್ಟಿದರೆ ಮುರಿಯುವಂತಿದೆ. ಕೆಲವು ಸಂಪುಟಗಳಲ್ಲಿ ಫಲಕಗಳಿರಬೇಕಾದೆಡೆಯಲ್ಲಿ ಹರಿದ ಅಂಚು ಮಾತ್ರ ಉಳಿದಿದೆ; ಯಾವನೋ ಓದುಗನು ಅವನ್ನು ಕಿತ್ತುಕೊಂಡು ಹೋಗಿದ್ದಾನೆ. ಇಂದು ಗಣಕಯಂತ್ರದ ಪರದೆಯ ಮೇಲೆ ಸುಲಭವಾಗಿ ದೊರೆಯುವ ಪ್ರತಿಗಳಲ್ಲಿಯೂ ಮಡಿಚಿದ ಫಲಕವನ್ನು ಬಿಡಿಸದೆಯೇ ಚಿತ್ರ ತೆಗೆದಿರುವುದುಂಟು. ಅಂಥ ಕಡೆಗಳಲ್ಲಿ ಈಗ ಫ್ಲೀಟರ ಪಾಠವಿದೆ, ಅದನ್ನು ಪರೀಕ್ಷಿಸುವ ಸಾಧನವಿಲ್ಲ.